ತಿಳಿನೀರು

ನೀರನ್ನು ಹೊಗಳಬೇಕಾದರೆ ನಮ್ಮವರಿಗೆ ಮೊದಲು ಬರುವ ಮಾತು ‘ತಿಳಿ’. ಮನಸ್ಸು ತಿಳಿಯಾಗಿರಬೇಕು, ಆಕಾಶ ತಿಳಿಯಾಗಿರಬೇಕು. ಸಾರು ಕೂಡ ತಿಳಿಯಾಗಿದ್ದರೆ ಅದರ ಮರ್ಯಾದೆಯೇ ಬೇರೆ. ಈ ಅಭ್ಯಾಸವೇ ಕಳೆದ ಬೇಸಿಗೆಯಲ್ಲಿ ನನ್ನನ್ನು ಪರದೇಶದಲ್ಲಿ ನಗೆಪಾಟಲಿಗೆ ಈಡುಮಾಡಿತು.

ಮಗ ಕೆನಡಾದ ಸಡ್‌ಬರಿ ಎಂಬ ಊರಿನಲ್ಲಿದ್ದಾನೆ. ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ಬಂಡೆ, ಬಂಡೆಗಳ ನಡುವೆ ಸರೋವರ. ಮಗನ ನೆರೆಮನೆಯವರು ಗಣಿಯಲ್ಲಿ ದುಡಿದು ನಿವೃತ್ತರಾದ ಮುದುಕರು. ಒಂದು ಭಾನುವಾರ ಅವರು ನಮ್ಮನ್ನು ತಿರುಗಾಟಕ್ಕೆ ಕರೆದೊಯ್ದರು. ಮೊದಲು ಸಿಕ್ಕ ಸರೋವರದ ನೀರು ಕಷಾಯದ ಬಣ್ಣದ್ದು. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. “ಮುಂದೆ ಹೋಗೋಣ” ಎಂದೆ. ಎರಡನೆಯದನ್ನು ಕಂಡು ಬೆರಗಾದೆ. ನೀಲಿ ನೀಲಿ ನೀರು. ಆಳದಲ್ಲಿರುವ ಕಲ್ಲುಗಳನ್ನು ಎಣಿಸಬಹುದು. “ನೀರು ಅಂದರೆ ಇದು!” ಎಂದೆ. ಮುದುಕರು ಮೆಲ್ಲಗೆ ನಕ್ಕರು. “ಇದರಲ್ಲಿ ಒಂದು ಮೀನೂ ಇಲ್ಲ. ಮೀನು ಬೇಕಾದರೆ ನೀವು ಬೇಡವೆಂದ ಆ ಇನ್ನೊಂದಕ್ಕೇ ಹೋಗಬೇಕು” ಎಂದರು.

ಆಮೇಲೆ ಅವರು ಹೇಳಿದ್ದು, ಮನೆಗೆ ಬಂದು ನಾನು ಓದಿದ್ದು ಎರಡೂ ಸೇರಿ ಈ ಕಥೆ. ಅಲ್ಲಿಯ ನಿಕ್ಕಲ್, ತಾಮ್ರದ ಅದಿರಿನಲ್ಲಿ ಗಂಧಕ ಬೆರೆತಿದೆ. ಕುಲುಮೆಯಲ್ಲಿ ಅದು ಹೊಗೆಯಾಗಿ ಮೇಲೇರಿ, ಗಾಳಿಯ ತೇವದೊಡನೆ ಕೂಡಿ, ಗಂಧಕಾಮ್ಲವಾಗಿ ಮಳೆಯೊಡನೆ ಇಳಿಯುತ್ತದೆ. ಸುಣ್ಣದ ನೆಲವಾದರೆ ಈ ಹುಳಿಯನ್ನು ಮುರಿಯುತ್ತದೆ. ಬರಿಯ ಕಗ್ಗಲ್ಲಿಗೆ ಆ ಶಕ್ತಿಯಿಲ್ಲ. ಸಡ್‌ಬರಿಯ ಸುತ್ತ ಸುಮಾರು 7,000 ಸರೋವರಗಳು ಹೀಗೆ ಕೆಟ್ಟವಂತೆ. 1972ರಲ್ಲಿ ಹೊಗೆ ಊರಿಗೆ ತಾಗದಿರಲೆಂದು 381 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ನಮ್ಮ ಅಂಗಳದ ಕಸವನ್ನು ಪಕ್ಕದ ಬೀದಿಗೆ ಗುಡಿಸುವ ಉಪಾಯ ನಮಗೊಬ್ಬರಿಗೇ ಗೊತ್ತಿರುವುದಲ್ಲ.

ಹುಳಿ ನೀರು ತಿಳಿಯಾಗುವುದೂ ಅದರ ರೋಗವೇ. ಕೊಳೆತ ಎಲೆಯಿಂದ ನೀರಿಗಿಳಿಯುವ ಬಣ್ಣ ಕಡಿಮೆಯಾಗುತ್ತದೆ. ಬೆಳಕು ತಳದವರೆಗೂ ಹೋಗುತ್ತದೆ. ಅಲ್ಲಿ ನೋಡಲು ಏನೂ ಇರುವುದಿಲ್ಲ.

ಜೀವ ಹೋಗುವ ಬಗೆಯನ್ನು ಅದೇ ಪ್ರಾಂತದ ವಿಜ್ಞಾನಿಗಳು ಒಂದು ಸರೋವರದಲ್ಲಿ ಕಣ್ಣಾರೆ ನೋಡಿದರು. ಅದಕ್ಕೆ ಹೆಸರೂ ಇಲ್ಲ, 223 ಎಂಬ ನಂಬರು ಮಾತ್ರ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ ಅದಕ್ಕೆ ಬೇಕೆಂದೇ ಆಮ್ಲ ಸುರಿದು, 1983ರ ಹೊತ್ತಿಗೆ ಅದರ ಪಿಎಚ್ ಅನ್ನು 6.8ರಿಂದ ಸುಮಾರು 5ಕ್ಕೆ ಇಳಿಸಿದರು. ಈ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತರಷ್ಟು. ಮೀನು ಸತ್ತು ತೇಲುತ್ತದೆಂದು ನಾವು ಎಣಿಸುತ್ತೇವೆ. ಹಾಗಾಗಲಿಲ್ಲ. ಮೊದಲು ಮಾಯವಾದದ್ದು ಸಿಗಡಿಯಂಥ ಒಂದು ಪುಟ್ಟ ಜೀವಿ. ಬಳಿಕ ಸಣ್ಣ ಮೀನುಗಳ ಸಂತಾನ ನಿಂತಿತು. ಏಡಿಯ ದಾಯಾದಿಗಳ ಚಿಪ್ಪು ಮೆತ್ತಗಾಯಿತು. ದೊಡ್ಡ ಟ್ರೌಟ್ ಮೀನುಗಳು ಮಾತ್ರ ಬದುಕಿದ್ದವು. ತಿನ್ನಲು ಏನೂ ಇಲ್ಲದೆ ಸೊರಗಿ, ಮರಿಗಳಿಲ್ಲದೆ, ಸುಮ್ಮನೆ ಓಡಾಡಿಕೊಂಡಿದ್ದವು. ಮಕ್ಕಳೆಲ್ಲ ದೂರದೇಶ ಸೇರಿ, ಸಂಜೆ ವಾಕಿಂಗಿಗೆ ಹೊರಡುವ ಮುದುಕರಷ್ಟೇ ಉಳಿದಿರುವ ನಮ್ಮ ಬಡಾವಣೆ ನೆನಪಾಯಿತು. ತಲೆ ಎಣಿಸಿದರೆ ಎಲ್ಲ ಸರಿಯಾಗಿಯೇ ಇದೆ.

ಆಮ್ಲ ಸುರಿಯುವುದನ್ನು ಕಡಿಮೆ ಮಾಡಿದ ಮೇಲೆ ಆ ಸರೋವರ ಚೇತರಿಸಿಕೊಳ್ಳತೊಡಗಿತು. ಸಡ್‌ಬರಿಯಲ್ಲೂ ಗಂಧಕದ ಹೊಗೆಯನ್ನು ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚಾಗಿ ಇಳಿಸಿದರು; 2020ರಲ್ಲಿ ಆ ಮಹಾ ಚಿಮಣಿಯೂ ಕೆಲಸ ನಿಲ್ಲಿಸಿತು. ಎಷ್ಟೋ ಕಡೆ ಮೀನು ಮರಳಿವೆ. ಹಾಗೆ ಗುಣವಾದ ನೀರಿಗೆ ಎಲೆಯ ಬಣ್ಣವೂ ಮರಳುತ್ತದೆ. ನಾನು ಮೂಗು ಮುರಿದದ್ದು ಅಂಥ ನೀರಿಗೆ. “ನಾನು ಚಿಕ್ಕವನಿದ್ದಾಗ ಅದೂ ನೀಲಿಯಾಗಿಯೇ ಇತ್ತು” ಎಂದರು ಮುದುಕರು. ಕಳೆದ ವರ್ಷ ಅವರ ಮೊಮ್ಮಗಳು ಅದರಲ್ಲಿ ಮೊದಲ ಮೀನು ಹಿಡಿದಳಂತೆ.

ಈ ಪಾಠ ನಮ್ಮಜ್ಜಿಗೆ ಸರೋವರ ನೋಡದೆಯೇ ಗೊತ್ತಿತ್ತು. ಊರಿನ ಮನೆಯ ಬಾವಿಯಲ್ಲಿ ಒಂದು ಆಮೆಯಿತ್ತು. ನೀರು ಸೇದುವ ಮೊದಲು ಬಗ್ಗಿ ಅದನ್ನೊಮ್ಮೆ ನೋಡುವುದು ಅಜ್ಜಿಯ ಪದ್ಧತಿ. “ಅದು ಇರೋ ತನಕ ನೀರಿಗೆ ಭಯವಿಲ್ಲ ಕಣೋ” ಎನ್ನುತ್ತಿದ್ದಳು. ನೀರಿನ ಸಾಕ್ಷಿಯನ್ನು ನೀರಿನಲ್ಲಿ ಬಾಳುವವರಿಂದಲೇ ಕೇಳುತ್ತಿದ್ದಳು. ನಾನು ಕಣ್ಣನ್ನು ಕೇಳಿ ಮೋಸಹೋದೆ.

ಮನೆಗೆ ನಲ್ಲಿ ಬಂದ ಮೇಲೆ, ಕಸ ಬೀಳುತ್ತದೆ, ಮಕ್ಕಳಿಗೆ ಅಪಾಯವೆಂದು, ಆ ಬಾವಿಯನ್ನು ಮಣ್ಣು ತುಂಬಿಸಿ ಮುಚ್ಚಿಸಿದವನು ನಾನೇ. ಕೂಲಿಯವರಿಗೆ ಹಣ ಎಣಿಸಿ ಕೊಟ್ಟು ಬಸ್ಸು ಹತ್ತಿದೆ. ಆಮೆಯನ್ನು ಯಾರಾದರೂ ಮೇಲೆತ್ತಿದರೇ ಎಂದು ಆ ದಿನ ಕೇಳಬೇಕೆಂದು ನನಗೆ ತೋಚಲಿಲ್ಲ.