ಆಟದ ಕೋಣೆಯ ಹೊರಗೆ ಕುಳಿತ ತಂದೆ

ಅಜ್ಜಿ ಅಲ್ಲಾಹನ ಕರೆಗೆ ಓಗೊಟ್ಟು ಎರಡು ತಿಂಗಳಾದರೂ ಏಳು ವರ್ಷದ ನನ್ನ ಮಗಳು ಅಳಲಿಲ್ಲ. ಮಾತು ಕಡಿಮೆಯಾಯಿತು, ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು. ದುಆ ಮಾಡಿದೆವು, ಕುರ್‌ಆನ್ ಓದಿ ಊದಿದೆವು. ವೈದ್ಯರು ಆಟದ ಚಿಕಿತ್ಸೆಯನ್ನು ಸೂಚಿಸಿದಾಗ ನನಗೆ ಸಂಕೋಚವಾಯಿತು. ಆಟವಾಡಿಸಲೂ ಶುಲ್ಕವೇ? ಜಮಾಅತಿನವರು ಏನೆಂದಾರು?

“ದೊಡ್ಡವರು ದುಃಖವನ್ನು ಮಾತಿನಲ್ಲಿ ಹೇಳುತ್ತಾರೆ, ಮಕ್ಕಳು ಆಟದಲ್ಲಿ ಹೇಳುತ್ತಾರೆ” ಎಂದರು ಚಿಕಿತ್ಸಕಿ.

ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಮದ್ರಸದಲ್ಲಿ ಪಾಠ ಒಪ್ಪಿಸಿಕೊಳ್ಳುವ ಅಭ್ಯಾಸ ನನ್ನದು. ಮಗಳು ಹೊರಬಂದೊಡನೆ ವಿಚಾರಣೆ ಆರಂಭಿಸುತ್ತಿದ್ದೆ: “ಏನು ಆಡಿದೆ? ಅಜ್ಜಿಯ ಬಗ್ಗೆ ಹೇಳಿದೆಯಾ?” ನಾಲ್ಕನೆಯ ವಾರ ಅವಳು ಆ ಕೋಣೆಯಲ್ಲೂ ಗೊಂಬೆಗಳನ್ನು ಮುಟ್ಟಲಿಲ್ಲ.

ಚಿಕಿತ್ಸಕಿ ನಮ್ಮಿಬ್ಬರನ್ನು ಕೂರಿಸಿ ವಿವರಿಸಿದರು. ಹೊರಬಂದ ಮಗುವನ್ನು ಪ್ರಶ್ನಿಸಬೇಡಿ. ತಾನಾಗಿ ಹೇಳಿದರೆ ಕೇಳಿ. ನಿಗದಿತ ದಿನ ತಪ್ಪಿಸಬೇಡಿ. ಚಿಕಿತ್ಸೆಯನ್ನು ಬಹುಮಾನವಾಗಿಯೋ ಶಿಕ್ಷೆಯಾಗಿಯೋ ಬಳಸಬೇಡಿ. ನಡುವೆ ಹಠ, ಸಿಟ್ಟು ಹೆಚ್ಚಬಹುದು. ಅದರಿಂದ ಎದೆಗುಂದಿ ಅರ್ಧದಲ್ಲಿ ನಿಲ್ಲಿಸಬೇಡಿ. ಮನೆಯಲ್ಲಿ ನಡೆದ ಬದಲಾವಣೆಗಳನ್ನು ಮಗುವಿನೆದುರಲ್ಲದೆ ನಮಗೆ ತಿಳಿಸಿ. ವಾರಕ್ಕೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಅವಳೊಡನೆ ಕುಳಿತುಕೊಳ್ಳಿ. ಆಟವನ್ನು ಅವಳೇ ಮುನ್ನಡೆಸಲಿ. ನೀವು ಕಂಡದ್ದನ್ನಷ್ಟೇ ಹೇಳಿ.

ಆ ರಾತ್ರಿ ಅಬೂ ಉಮೈರ್ ಎಂಬ ಬಾಲಕ ನೆನಪಾದ. ಹಝ್ರತ್ ಅನಸ್(ರ)ರ ಪುಟ್ಟ ತಮ್ಮ. ಅವನು ಆಡುತ್ತಿದ್ದ ಹಕ್ಕಿ ಸತ್ತು ಅವನು ದುಃಖದಲ್ಲಿದ್ದಾಗ, ಪ್ರವಾದಿವರ್ಯರು(ಸ) ಅವನನ್ನು ದೊಡ್ಡವರಂತೆ ಗೌರವದಿಂದ ಕರೆದು ಆ ಹಕ್ಕಿಯ ಕುರಿತು ವಿಚಾರಿಸಿದರು. ಅದು ಪರೀಕ್ಷಿಸುವ ಪ್ರಶ್ನೆಯಲ್ಲ. ಮಗುವಿನ ದುಃಖದ ಪಕ್ಕದಲ್ಲಿ ಕುಳಿತ ಮಾತು. ಎಷ್ಟೋ ಬಾರಿ ಬೋಧಿಸಿದ ಹದೀಸನ್ನು ಮನೆಯಲ್ಲಿ ಪಾಲಿಸಲು ನಾನೇ ಮರೆತಿದ್ದೆ.

ಒಂದು ಸಂಜೆ ಮಗಳು ಗೊಂಬೆಯನ್ನು ಮಲಗಿಸಿ ಬಿಳಿ ಕರವಸ್ತ್ರ ಹೊದಿಸಿದಳು. ‘ಇದೆಂಥ ಆಟ?’ ಎಂದು ಗದರಲು ಬಾಯ್ತೆರೆದವನು ತಡೆದುಕೊಂಡೆ. “ಗೊಂಬೆಗೆ ಬಿಳಿ ಬಟ್ಟೆ ಹೊದಿಸಿದೆ” ಎಂದಷ್ಟೇ ಹೇಳಿದೆ.

ತುಸು ಹೊತ್ತು ಸುಮ್ಮನಿದ್ದು ಅವಳೆಂದಳು: “ಅಜ್ಜಿಗೂ ಹೀಗೇ ಹೊದಿಸಿದ್ದರು ಅಬ್ಬಾ. ನನ್ನನ್ನು ಯಾರೂ ಹತ್ತಿರ ಕರೆಯಲಿಲ್ಲ.”

ಅಂದು ಅವಳು ಅತ್ತಳು. ನಾನೂ ಅತ್ತೆ. ಮರುದಿನವೇ ಎಲ್ಲವೂ ಸರಿಹೋಗಲಿಲ್ಲ. ಚಿಕಿತ್ಸೆ ಇನ್ನೂ ಕೆಲವು ತಿಂಗಳು ನಡೆಯಿತು. ಆದರೆ ಬಾಗಿಲು ತೆರೆದಿತ್ತು.

ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಅವರ ದೇಹಕ್ಕೆ ಜ್ವರ ಬಂದರೆ ಔಷಧಿ ಕೊಡಿಸುವ ನಾವು ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡಿಸಲು ನಾಚಬೇಕಾಗಿಲ್ಲ. ದುಆ ಮತ್ತು ಚಿಕಿತ್ಸೆ ಜೊತೆಜೊತೆಯಾಗಿ ಸಾಗಲಿ. ಮಕ್ಕಳ ಮೌನವನ್ನು ಸಹನೆಯಿಂದ ಆಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.