ಆಚೆ ದಂಡೆಯವರು ಯಾರಿಗೆ ಅರ್ಜಿ ಕೊಡಬೇಕು?

ನಮ್ಮ ಸಾಲಗುಂದದ ಕಿರಾಣಿ ಅಂಗಡಿಗೆ ಕ್ಯಾಂಪಿನ ಹೆಣ್ಣುಮಗಳೊಬ್ಬಳು ಬಂದು "ಅನ್ನಾ, ಅರ ಕಿಲೋ ಚಿಂತಪಂಡು ಇವ್ವು" ಅಂದರೆ, ಅಂಗಡಿಯವನು ಹುಣಸೆಹಣ್ಣಿನ ಡಬ್ಬಿಗೆ ಕೈ ಹಾಕುತ್ತಲೇ "ಹಳೇದೈತಿ ಅಕ್ಕಾ, ಹೊಸದು ನಾಳಿ ಬರ್ತೈತಿ" ಅಂತಾನೆ. ಇಬ್ಬರೂ ತಮ್ಮ ಮಾತು ಬಿಡುವುದಿಲ್ಲ, ವ್ಯಾಪಾರವೂ ನಿಲ್ಲುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದಿಂದ ಬಂದು ಸಿಂಧನೂರು ಸೀಮೆಯಲ್ಲಿ ಭತ್ತ ಹಚ್ಚಿದವರ ಮನೆತನಗಳು ಈ ಕ್ಯಾಂಪಿನವು.

ರಾಯಚೂರು ದಾಟಿ ದೇವಸೂಗೂರಿನ ಹತ್ತಿರ ಕೃಷ್ಣಾ ನದಿಗೆ ಬನ್ನಿ. ಅಲ್ಲಿ ಈ ಭಾಷೆಯ ಲೆಕ್ಕ ತಿರುವುಮುರುವು. ಆಚೆ ದಂಡೆಯಲ್ಲಿ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಗುಡೇಬಲ್ಲೂರು ಊರುಗಳ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. 1956ರ ತನಕ ಎರಡೂ ದಂಡೆ ಹೈದರಾಬಾದ್ ರಾಜ್ಯದವು. ಗಡಿ ಬಂದ ಮೇಲೂ ಹೆಣ್ಣು ಕೊಟ್ಟು ತರುವುದು ನಿಂತಿಲ್ಲ. ಅವರ ಹತ್ತಿ ರಾಯಚೂರಿನ ಎಪಿಎಂಸಿಗೆ ಬರುತ್ತದೆ, ಜಡ್ಡಾದವರು ರಿಮ್ಸ್ ಆಸ್ಪತ್ರೆಗೆ ಬರುತ್ತಾರೆ. ರಸ್ತೆಯಲ್ಲಿ ಬರಲು ಹತ್ತಿರದ ದಾರಿ ಎಂದರೆ ನಿಜಾಮರ ಕಾಲದ ಸೇತುವೆ.

2022ರ ಜನವರಿಯಲ್ಲಿ ದುರಸ್ತಿಗೆಂದು ಆ ಸೇತುವೆಯ ಮೇಲೆ ಸಂಚಾರ ನಿಲ್ಲಿಸಿದರು. ಭಾರಿ ಲಾರಿಗಳು ಹಗಲಿರುಳು ಓಡಾಡುವ ಹಳೆಯ ಸೇತುವೆ, ದುರಸ್ತಿ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಹೈದರಾಬಾದಿಗೆ ಹೋಗುವವರು ಒಂದು ದಿನ ಸುತ್ತು ಹಾಕಿಕೊಂಡು ಹೋದಾರು. ದಿನವೂ ರಾಯಚೂರನ್ನೇ ನಂಬಿದ ಆಚೆಯ ಕೂಲಿಕಾರ, ಬಸುರಿ ಹೆಂಗಸು, ಹತ್ತಿ ಅಂಡಿಗೆ ಹೇರಿಕೊಂಡ ರೈತ ಏನು ಮಾಡಬೇಕು? ಅವರ ಶಾಸಕರು ಬೇರೆ, ಕಲೆಕ್ಟರ್ ಬೇರೆ. ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯ ಲೆಕ್ಕದಲ್ಲಿ ಅವರು ಹೊರರಾಜ್ಯದವರು. ನನ್ನ ಸಂಕಟ ಇರುವುದು ಇಲ್ಲೇ: ರಸ್ತೆ ಮುಚ್ಚಿದಾಗ ಹೆಚ್ಚು ನೋಯುವವರಿಗೆ ಅರ್ಜಿ ಹಿಡಿದು ನಿಲ್ಲಲು ಒಂದು ಬಾಗಿಲೂ ಇಲ್ಲ.

ಇದರ ಘೋರ ರೂಪವನ್ನು 2020ರಲ್ಲಿ ಕೇರಳದ ಕಾಸರಗೋಡಿನವರು ಕಂಡರು. ಕೊರೊನಾ ಭಯದಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಕನ್ನಡಿಗರೂ ಇರುವ ಅಲ್ಲಿನ ಮಂಜೇಶ್ವರದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ದಾರಿ ಸಿಗದೆ ಪ್ರಾಣ ಬಿಟ್ಟವರಿದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಲು ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳನ್ನು ಬಿಡಲು ಒಪ್ಪಿಗೆಯಾಗಿದೆ ಎಂದು ಕೇಂದ್ರ ಸರ್ಕಾರ ಅಲ್ಲಿ ತಿಳಿಸಿದ್ದು ಏಪ್ರಿಲ್ 7ರಂದು. ಗಡಿಯಾಚೆ ಕನ್ನಡ ಉಳಿಯಬೇಕೆಂದು ನವೆಂಬರಿನಲ್ಲಿ ಭಾಷಣ ಮಾಡುವ ನಾವು, ಆ ಕನ್ನಡದವರ ಆಂಬುಲೆನ್ಸಿಗೆ ಮಣ್ಣು ಅಡ್ಡ ಹಾಕಿದೆವಲ್ಲ ಎಂಬುದು ನನಗೆ ಇನ್ನೂ ಮರೆಯಲಾಗಿಲ್ಲ.

ಗಡಿಯ ಯಾವುದೇ ರಸ್ತೆ ಮುಚ್ಚುವ ಮೊದಲು ಎರಡೂ ಜಿಲ್ಲೆಯ ಅಧಿಕಾರಿಗಳು ಒಂದೇ ಮೇಜಿಗೆ ಕೂರಬೇಕು. ಪ್ರಕಟಣೆ ಆಚೆಯ ಪಂಚಾಯಿತಿ ಗೋಡೆಗೂ ಎರಡು ಭಾಷೆಯಲ್ಲಿ ಅಂಟಬೇಕು. ಆಂಬುಲೆನ್ಸಿಗೆ ಯಾವ ದಾರಿ, ಯಾವ ಫೋನ್ ನಂಬರ್ ಎಂಬುದು ಮುಚ್ಚುವ ಆದೇಶದಲ್ಲೇ ಇರಬೇಕು. ದೇವಸೂಗೂರಿನ ಸೇತುವೆ ಇನ್ನೊಮ್ಮೆ ದುರಸ್ತಿಗೆ ಬರುವ ಮೊದಲೇ ಇಷ್ಟನ್ನು ಬರೆದಿಡಲು ರಾಯಚೂರಿಗೂ ನಾರಾಯಣಪೇಟೆಗೂ ಈಗ ಸಮಯವಿದೆ.