27.2 ಮಿಲಿಮೀಟರ್

ನಮ್ಮ ಟೂ ಬಿಎಚ್‌ಕೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋಕೆ ಜಾಗ ಇಲ್ಲ. ಅಲ್ಲಿ ನಾಲ್ಕು ಹಳೇ ರೇಸಿಂಗ್ ಸೈಕಲ್‌ಗಳಿವೆ. ಐದನೆಯದು ಬೆಡ್‌ರೂಮಿನ ಗೋಡೆಗೆ ಒರಗಿದೆ. ಅದರ ಹ್ಯಾಂಡಲ್ ಮೇಲೆ ಹೆಂಡತಿ ದುಪಟ್ಟಾ ನೇತುಹಾಕ್ತಾಳೆ, ನಾನು ತೆಗೀತೀನಿ, ಅವಳು ಮತ್ತೆ ಹಾಕ್ತಾಳೆ. ಈ ಬರಹ ಆ ಐದನೆಯದರ ಬಗ್ಗೆ.

ಹುಚ್ಚು ಹತ್ತಿದ್ದು ತಿಪಟೂರಿನಲ್ಲಿದ್ದ ತಾತನ ಹರ್ಕ್ಯುಲಿಸ್‌ನಿಂದ ಅಂತ ಹೇಳಬಹುದು. ಹಿಂದೆ ಕ್ಯಾರಿಯರ್ ಮೇಲೆ ಕಾಯಿ ಮೂಟೆ, ಮುಂದೆ ಬಾರ್ ಮೇಲೆ ನಾನು. ಇಪ್ಪತ್ತು ಕಿಲೋ ತೂಗುತ್ತಿದ್ದ ಆನೆಯಂಥ ಸೈಕಲ್ ಅದು, ಚೆನ್ನೈನ ಟಿಐ ಸೈಕಲ್ಸ್ ಕಂಪನಿಯದು. ಎಷ್ಟೋ ವರ್ಷದ ಮೇಲೆ, ಒಂದು ರಿಲೀಸ್ ನೈಟ್‌ನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯುತ್ತಾ ಹಳೇ ರೇಸುಗಳ ವಿಡಿಯೊ ನೋಡುತ್ತಿದ್ದೆ. 1980ರ ಟೂರ್ ಡಿ ಫ್ರಾನ್ಸ್. ಗೆದ್ದವನು ಡಚ್ಚರ ಯೂಪ್ ಜೂಟೆಮೆಲ್ಕ್. ತಂಡದ ಹೆಸರು ಟಿಐ-ರ್‍ಯಾಲೆ. ಕೆಂಪು, ಕಪ್ಪು, ಹಳದಿ ಬಣ್ಣದ ಸೈಕಲ್‌ಗಳು. ಟಿಐ ಅನ್ನೋ ಎರಡು ಅಕ್ಷರ ಕಣ್ಣಿಗೆ ಬಿತ್ತು. ಹುಡುಕಿದರೆ, ಎರಡೂ ಒಂದೇ ಟಿಐ! ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್. 1949ರಲ್ಲಿ ಮುರುಗಪ್ಪ ಮನೆತನದ ಜೊತೆ ಸೇರಿ ಮದ್ರಾಸಿನಲ್ಲಿ ಸೈಕಲ್ ಕಂಪನಿ ಶುರು ಮಾಡಿದ್ದೂ ಅವರೇ, 1960ರಲ್ಲಿ ನಾಟಿಂಗ್‌ಹ್ಯಾಮ್‌ನ ರ್‍ಯಾಲೆಯನ್ನು ಕೊಂಡಿದ್ದೂ ಅವರೇ. ತಾತನ ಕಾಯಿ ಮೂಟೆ ಸೈಕಲ್‌ಗೂ ಪ್ಯಾರಿಸ್‌ನಲ್ಲಿ ಗೆದ್ದ ಸೈಕಲ್‌ಗೂ ದಾಯಾದಿ ಸಂಬಂಧ. ಅವತ್ತೇ ತೀರ್ಮಾನ ಮಾಡಿದೆ, ಆ ಬಣ್ಣದ್ದು ಒಂದು ನನ್ನ ಹತ್ತಿರ ಇರಲೇಬೇಕು ಅಂತ.

ಆದರೆ ಅದೇ ಬಣ್ಣ ಬಳಿದು ಕಂಪನಿ ಅಗ್ಗದ, ಭಾರದ ಸೈಕಲ್‌ಗಳನ್ನೂ ಬೇಕಾದಷ್ಟು ಮಾರಿತ್ತು. ಬೇಕಾದದ್ದು ರೆನಾಲ್ಡ್ಸ್ 531 ಕೊಳವೆಯದು. ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆತ ಈ ಉಕ್ಕು ಬಂದದ್ದು 1935ರಲ್ಲಿ. ಕೊಳವೆಯ ತುದಿಗಳು ದಪ್ಪ, ನಡು ತೆಳು. ಬೆಸುಗೆಯ ಕಡೆ ಬಲ, ಉಳಿದ ಕಡೆ ಹಗುರ. ಇಡೀ ಸೈಕಲ್ ಹತ್ತು-ಹನ್ನೊಂದು ಕಿಲೋ. 531 ಅನ್ನೋ ಸ್ಟಿಕ್ಕರ್ ಇದ್ದರೆ ಸಾಕಲ್ಲ ಅಂತೀರಾ? ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಬೆಂಗಳೂರಿನಲ್ಲೇ ಒಬ್ಬರಿಂದ ಹಾಗೆ ಮೋಸ ಹೋಗಿ ಹದಿನಾಲ್ಕು ಸಾವಿರ ಕಳಕೊಂಡಿದ್ದೀನಿ. ಸೀಟಿನ ಕೆಳಗಿನ ಕೊಳವೆಯ ಹೊರ ಅಳತೆ ಸಾಮಾನ್ಯವಾಗಿ 28.6 ಮಿ.ಮೀ. ಗೋಡೆ ದಪ್ಪವಿದ್ದರೆ ಒಳಗಿನ ತೂತು ಸಣ್ಣದು, ಅದರಲ್ಲಿ ಕೂರುವ ಸೀಟ್ ಪೋಸ್ಟೂ ಸಣ್ಣದು, 26ರ ಆಸುಪಾಸು. ಒಳ್ಳೆಯ 531 ಆದರೆ ಗೋಡೆ ತೆಳು, ಪೋಸ್ಟ್ 27.2. ಅಂದಿನಿಂದ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಸದಾ ಒಂದು ವರ್ನಿಯರ್ ಕ್ಯಾಲಿಪರ್ ಇರುತ್ತೆ. ಇಂಜಿನಿಯರಿಂಗ್ ಡಿಗ್ರಿಯಲ್ಲಿ ಕಲಿತದ್ದು ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು.

ಆಫೀಸಿನ ಗೆಳೆಯನೊಬ್ಬ ವಿಜಯಪುರದ ಕಡೆಯವನು. ಆ ಸೀಮೆಯಲ್ಲಿ ಸೈಕಲ್ ರೇಸು ಅಂದರೆ ನಮ್ಮ ಕಡೆ ಕ್ರಿಕೆಟ್ ಇದ್ದ ಹಾಗೆ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಎಷ್ಟೋ ಜನ ಅಲ್ಲಿಯವರು. 'ನಮ್ಮೂರಾಗ ಒಬ್ಬ ಕಾಕಾನ ಹತ್ರ ಕೆಂಪು-ಕರಿ ಫಾರಿನ್ ಸೈಕಲ್ ಐತಿ ನೋಡು' ಅಂದ. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಹೋದೆ. ಎಪ್ಪತ್ತು ದಾಟಿದ ಮನುಷ್ಯ. ಲಂಡನ್ನಿನಲ್ಲಿದ್ದ ಡಾಕ್ಟರೊಬ್ಬರು ಊರಿಗೆ ತಂದು, ಹೋಗುವಾಗ ಇವರಿಗೆ ಬಿಟ್ಟುಹೋದ ಸೈಕಲ್ಲಂತೆ. ಅದರ ಮೇಲೆ ಸೋಲಾಪುರದವರೆಗೂ ಹೋಗಿ ರೇಸು ಹೊಡೆದಿದ್ದಾರೆ. ಜೋಳದ ಚೀಲಗಳ ಹಿಂದಿನಿಂದ ಅದನ್ನು ಹೊರಗೆ ತಂದಾಗ ನನಗೆ ಮಾತೇ ಹೊರಡಲಿಲ್ಲ. ಬಣ್ಣ ಎದ್ದುಹೋಗಿದೆ, ಟೈರ್ ಪುಡಿಯಾಗಿದೆ. ಕ್ಯಾಲಿಪರ್ ಹಿಡಿದೆ. 27.2.

'ಏ ತಮ್ಮಾ, ಅದನ್ನ ಮಾರೂದಿಲ್ಲ. ನೋಡ್ಕೊಂಡು ಚಹಾ ಕುಡುದು ಹೋಗು' ಅಂದರು.

ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾ ಹೋದೆ. ಸೈಕಲ್ ವಿಷಯ ಎತ್ತುತ್ತಲೇ ಇರಲಿಲ್ಲ. ಮಳೆ, ಬೆಳೆ, ಅವರ ಮಂಡಿ ನೋವು. ಈ ವರ್ಷ ಸಂಕ್ರಾಂತಿಗೆ ಅವರೇ ಫೋನ್ ಮಾಡಿದರು. 'ಮನಿ ಕೆಡವಿ ಕಟ್ಟಾಕತ್ತೇವಿ. ಇಡಾಕ ಜಾಗಾ ಇಲ್ಲ. ಬಂದು ಒಯ್ಯಿ.' ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯಿಡೀ ನಿದ್ದೆ ಇಲ್ಲ. ನಲವತ್ತು ಸಾವಿರದವರೆಗೆ ಕೊಡೋಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

'ಎಷ್ಟು ಕೊಡ್ಲಿ ಕಾಕಾ?' ಅಂದೆ. 'ಆರು ಸಾವಿರ ಕೊಡು' ಅಂದರು.

ಇಲ್ಲಿ ನಾನು ನಿಮ್ಮ ಹತ್ತಿರ ಸುಳ್ಳು ಹೇಳಬಾರದು. 'ಆಯ್ತು ಕಾಕಾ' ಅಂದುಬಿಟ್ಟೆ. ಒಂದು ಸೆಕೆಂಡೂ ತಡಮಾಡಲಿಲ್ಲ. ನಮ್ಮ ಸೈಕಲ್ ಗೆಳೆಯರಲ್ಲಿ ಇದಕ್ಕೆ 'ಲಾಟರಿ' ಅಂತಾರೆ. ಯಾರಿಗೋ ಬೆಲೆ ಗೊತ್ತಿಲ್ಲದೆ ಸಿಕ್ಕ ಮಾಲಿನ ಕತೆಯನ್ನ ಭಾನುವಾರದ ಕಾಫಿಗೆ ಬಡಾಯಿ ಕೊಚ್ಚಿಕೊಂಡು ಹೇಳ್ತೀವಿ. ನಾನೂ ಹೇಳಿದ್ದೀನಿ. ಹದಿನಾಲ್ಕು ಸಾವಿರ ಕಳಕೊಂಡಾಗ ಮಾತ್ರ ಅದು ಮೋಸ.

ಚಕ್ರ ಬಿಚ್ಚೋಕೆ ಕೂತೆ. ಕಾಕಾ ತಮ್ಮ ಹಳೇ ಪಾನಾ ತಂದುಕೊಟ್ಟು ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸುಮ್ಮನೆ ಕೇಳಿದರು, 'ಬೆಂಗಳೂರಾಗ ಇದಕ್ಕ ಎಷ್ಟು ಬರ್ತೈತಿ ತಮ್ಮಾ?'

'ನಾನು ಮಾರಲ್ಲ ಕಾಕಾ.'

'ಮಾರಿದ್ರ?'

ಪಾನಾ ಕೆಳಗಿಟ್ಟೆ. 'ಮೂವತ್ತೈದು, ನಲವತ್ತು ಸಾವಿರ ಬರಬಹುದು' ಅಂದೆ. ರೊಟ್ಟಿ ಬಡಿಯೋ ಸದ್ದು ಒಳಗೆ ನಿಂತುಹೋಯ್ತು. ಸೊಸೆ ಬಾಗಿಲಿಗೆ ಬಂದು ನಿಂತರು. ಕಾಕಾ ಸಿಟ್ಟಾಗಲಿಲ್ಲ. ದೊಡ್ಡ ಮನಸ್ಸು ಮಾಡಿ 'ಇರ್ಲಿ ಬಿಡು' ಅಂತಲೂ ಅನ್ನಲಿಲ್ಲ. ಮನೆ ಕಟ್ಟುವವರಿಗೆ ದುಡ್ಡಿನ ಬೆಲೆ ಗೊತ್ತಿರುತ್ತೆ. 'ಹಂಗಾದ್ರ ಮೂವತ್ತು ಮಾಡ್ರಿ' ಅಂದರು. ಅಲ್ಲೇ ಅವರ ಮಗನ ನಂಬರಿಗೆ ಮೂವತ್ತು ಸಾವಿರ ಹಾಕಿದೆ. ಎರಡು ಕಂತಿನಲ್ಲಿ, ಯಾಕೆಂದರೆ ಕೈ ನಡುಗಿ ಮೊದಲ ಸಲ ಮೂರು ಸಾವಿರ ಅಂತ ಒತ್ತಿದ್ದೆ.

ಊಟಕ್ಕೆ ಕೂರಿಸಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಏನೂ ಕಡಿಮೆ ಮಾಡಲಿಲ್ಲ. 'ಇನ್ನೊಂದು ರೊಟ್ಟಿ ತಗೊಳ್ರಿ ಸರ' ಅಂದರು ಕಾಕಾ. ಎರಡು ವರ್ಷದಿಂದ ತಮ್ಮಾ ಆಗಿದ್ದವನು ನಾನು.

ಸೈಕಲ್‌ಗೆ ಹೊಸ ಬಣ್ಣ ಹೊಡೆಸಿಲ್ಲ, ಹೊಡೆಸೋದೂ ಇಲ್ಲ. ಗ್ರೀಸ್, ಬ್ರೇಕ್ ವೈರ್, ಟೈರು ಅಷ್ಟೇ ಬದಲಾಯಿಸಿದ್ದು. ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ನಂದಿ ಬೆಟ್ಟದ ಬುಡದವರೆಗೆ ಹೋಗಿ ಬಂದೆ. ಹೆಂಗೆ ಓಡ್ತು ಅಂತ ಬರೆಯೋಕೆ ಬರಲ್ಲ. ದೇವನಹಳ್ಳಿ ದಾಟಿದ್ದೇ ಗೊತ್ತಾಗಲಿಲ್ಲ ಅಂದರೆ ಸಾಕು.

ಯುಗಾದಿಗೆ ಎಂದಿನಂತೆ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದರು. ಮನೆ ಲಿಂಟಲ್ ಮಟ್ಟಕ್ಕೆ ಬಂದಿದೆಯಂತೆ. ಮಂಡಿ ಹಾಗೇ ಇದೆಯಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಿಂದಿನ ಗಾಲಿ ಸ್ವಲ್ಪ ಎಡಕ್ಕ ಎಳೀತೈತಿ, ಸ್ಪೋಕ್ ಬಿಗಿ ಮಾಡಿಸ್ರಿ ಸರ' ಅಂದರು.